ಪಕ್ಕದ ಕುರ್ಚಿಯ ಗುಂಡಿ

ರಾಜಧಾನಿ
ಜನವರಿ 11, 1995

ಆರ್ಡಿತ್ ಅವರಿಗೆ,

ಶಾಸಕನಾಗಿ ಪ್ರಮಾಣವಚನ ಮುಗಿಯಿತು. ಹಾಲ್ವರ್‌ನಲ್ಲಿ ನಟ್ಟು ಬೋಲ್ಟು ಮಾರಿಕೊಂಡಿದ್ದವನನ್ನು ಇಲ್ಲಿ ಬಾಗಿಲು ಕಾಯುವವರು ‘ಸರ್’ ಎನ್ನುತ್ತಾರೆ. ನನ್ನ ಹಿಂದೆ ಯಾರೋ ನಿಂತಿರಬೇಕೆಂದು ತಿರುಗಿ ನೋಡಿದೆ. ಪತ್ರಿಕೆ ನಡೆಸುವವರು ಯಾರ ಪರವಾಗಿಯೂ ಬಾಗಿಲು ತಟ್ಟಬಾರದು ಎಂದು ನಿಮಗೆ ನೀವೇ ಬೈದುಕೊಳ್ಳುತ್ತ, ಆ ಚಳಿಯಲ್ಲಿ ನನ್ನ ಜೊತೆ ಮತ ಕೇಳಲು ಊರೆಲ್ಲ ಸುತ್ತಿದಿರಿ. ಮೊದಲ ಪತ್ರ ನಿಮಗಲ್ಲದೆ ಇನ್ಯಾರಿಗೆ ಬರೆಯಲಿ?

ನಮಗಿಲ್ಲಿ ಕಚೇರಿ ಗಿಚೇರಿ ಏನೂ ಇಲ್ಲ, ಸದನದ ಮೇಜೇ ಎಲ್ಲ. ಫೋನು ಹಜಾರದಲ್ಲಿದೆ, ಕೈಗೆತ್ತಿಕೊಂಡರೆ ಹಿಂದೆ ಸಾಲು ನಿಲ್ಲುತ್ತದೆ. ಹಾಗಾಗಿ ಕಾಗದವೇ ವಾಸಿ. ಮೇಜಿನ ಮೇಲೆ ಎರಡು ಗುಂಡಿ: ಹಸಿರು ಒತ್ತಿದರೆ ಹೌದು, ಕೆಂಪು ಒತ್ತಿದರೆ ಬೇಡ. ಗೋಡೆಯ ಫಲಕದಲ್ಲಿ ನಮ್ಮ ಹೆಸರಿನ ಮುಂದೆ ದೀಪ ಹೊತ್ತಿಕೊಳ್ಳುತ್ತದೆ. ಪಕ್ಕದ ಕುರ್ಚಿಯಲ್ಲಿ ಮೈಲೋ ಸ್ಟಾಂಗ್ ಎಂಬ ಹಳೆ ಹುಲಿ. ಅವನದು ಸಾಲಿನ ಕೊನೆಯ ಜಾಗ, ಪಕ್ಕಕ್ಕೆ ನಾನೊಬ್ಬನೇ. ಮೊದಲ ದಿನವೇ ಹೇಳಿದ: “ನಾನು ಎದ್ದು ಹೋದಾಗ ನನ್ನ ಗುಂಡಿ ನೀನು ಒತ್ತು, ನೀನು ಹೋದಾಗ ನಿಂದು ನಾನು ಒತ್ತೀನಿ. ನಿಯಮದಲ್ಲಿಲ್ಲ ಕಣಯ್ಯ, ಆದ್ರೆ ಇಲ್ಲಿ ಎಲ್ಲರೂ ಮಾಡೋದೇ.”

ಇನ್ನೊಂದು ವಿಷಯ. ನಾವು ಹೆದರಿದ್ದ ಮಸೂದೆ ಬಂದೇಬಿಟ್ಟಿದೆ. ಹೆರಿಗೆ ಕಡಿಮೆ ಆಗುವ ಆಸ್ಪತ್ರೆಗಳಿಗೆ ಸರ್ಕಾರದ ಸಹಾಯ ನಿಲ್ಲುತ್ತದೆ. ಅಂದರೆ ನಮ್ಮೂರ ಹೆರಿಗೆ ವಾರ್ಡ್ ಮುಚ್ಚುತ್ತದೆ. ನಾನು ಕೆಂಪನ್ನೇ ಒತ್ತುತ್ತೇನೆ, ಎಲ್ಲರಿಗೂ ಹೇಳಿ. ನಿಮ್ಮ ಪತ್ರಿಕೆಗೆ ‘ರಾಜಧಾನಿಯಿಂದ ಲೋವೆಲ್’ ಅಂಕಣ ಪ್ರತಿ ಮಂಗಳವಾರ ಮಧ್ಯಾಹ್ನದೊಳಗೆ ಫ್ಯಾಕ್ಸ್ ಆಗುತ್ತದೆ. ನಿಮ್ಮ ಮಗಳು ರೋಂಡಾ ಹೇಗಿದ್ದಾಳೆ? ಹೆರಿಗೆ ಏಪ್ರಿಲ್ ತಾನೇ?

ನಿಮ್ಮ
ಲೋವೆಲ್ ಬ್ರೆಕ್ಕೆ


ಹಾಲ್ವರ್
ಜನವರಿ 19, 1995

ಲೋವೆಲ್,

ನಿನ್ನ ಅಂಕಣದಲ್ಲಿ ‘ಸೇವೆ’ ಎಂಬ ಮಾತನ್ನು ಎಲ್ಲೆಲ್ಲಿ ಕಂಡೆನೋ ಅಲ್ಲೆಲ್ಲ ಹೊಡೆದು ಹಾಕಿದೆ. ಉಳಿದದ್ದು ಅರ್ಧ ಅಂಕಣ. ಚರ್ಚಿನ ಸಂಡೇ ಸ್ಕೂಲಿನಲ್ಲಿ ನಾನು ಪಾಠ ಹೇಳುವಾಗಲೂ ನಿನ್ನದು ಇದೇ ಚಾಳಿ, ಉತ್ತರ ಗೊತ್ತಿಲ್ಲದಾಗ ದೇವರ ಹೆಸರು ಎಳೆದು ತರುತ್ತಿದ್ದೆ.

ಕೆಫೆಯಲ್ಲಿ ವಿವಿಯನ್ ನನ್ನ ಮುಂದೆ ಸೂಪು ಇಟ್ಟು ಕೇಳಿದಳು: “ಅವ್ನು ಯಾರ್ ಜೊತೆ ಊಟ ಮಾಡ್ದ ಅಂತ ಬರೀತಾನೋ, ಯಾವ ಗುಂಡಿ ಒತ್ತಿದ ಅಂತ ಬರೀತಾನೋ?” ನಾನಂದೆ, “ಎರಡೂ ಬರೀತಾನೆ, ಸುಮ್ನೆ ಕೂತ್ಕೋ.” ನನ್ನ ಮಾತು ಉಳಿಸು.

ವಾರ್ಡ್ ಹೋದರೆ ಇಲ್ಲಿಂದ ನಗರಕ್ಕೆ ತೊಂಬತ್ತು ಮೈಲಿ, ಅದೂ ದಾರಿಯಲ್ಲಿ ಹಿಮ ಇಲ್ಲದಿದ್ದರೆ. ಊರಿನಲ್ಲಿ ಬೇರೆ ಮಾತೇ ಇಲ್ಲ. ರೋಂಡಾ ಚೆನ್ನಾಗಿದ್ದಾಳೆ. ಅವಳ ಬಗ್ಗೆ ನೀನು ತಲೆ ಕೆಡಿಸಿಕೊಳ್ಳಬೇಡ.

ಆರ್ಡಿತ್ ಸೋಲ್‌ಹೈಮ್


ರಾಜಧಾನಿ
ಫೆಬ್ರವರಿ 14, 1995, ಬೆಳಿಗ್ಗೆ

ಆರ್ಡಿತ್ ಅವರಿಗೆ,

ಅಂಕಣದ ಜೊತೆಗೇ ಈ ಕಾಗದವನ್ನೂ ಫ್ಯಾಕ್ಸ್ ಮಾಡುತ್ತಿದ್ದೇನೆ. ಆಸ್ಪತ್ರೆ ಮಸೂದೆಯ ಮತದಾನ ಇವತ್ತು ಮಧ್ಯಾಹ್ನ ಎರಡಕ್ಕೆ. ನಿಮಗೆ ಅಂಕಣ ಹನ್ನೆರಡಕ್ಕೆ ಬೇಕು. ಓದುಗರ ಕೈಗೆ ಪತ್ರಿಕೆ ಸಿಗುವುದು ಗುರುವಾರ. ಅದಕ್ಕೇ ಆಗಿಹೋದದ್ದು ಎಂಬಂತೆ ಬರೆದಿದ್ದೇನೆ: ‘ಮಂಗಳವಾರ ನಾನು ಈ ಮಸೂದೆಯ ವಿರುದ್ಧ ಮತ ಹಾಕಿದೆ.’ ವಾರಪತ್ರಿಕೆಗೆ ಬರೆಯುವವರೆಲ್ಲ ಹೀಗೇ ಬರೆಯುತ್ತಾರಂತೆ. ಹಾಗೇ ಹಾಕಿ.

ನಿನ್ನೆ ಬಹುಮತ ಪಕ್ಷದ ನಾಯಕ ಪ್ರಿಟ್ಜ್ ನನ್ನನ್ನು ಕರೆದು ಸೇಬಿನ ಪೈ ತಿನ್ನಿಸಿದ. ನಮ್ಮ ಕ್ರೇನ್ ಹೊಳೆಯ ಶಿಥಿಲ ಸೇತುವೆಯ ಬಗ್ಗೆ ತಾನಾಗಿಯೇ ಕೇಳಿದ. ಲಾರಿಗಳು ಸುತ್ತು ಬಳಸಿ ಹೋಗುವುದು ಅವನಿಗೂ ಗೊತ್ತಿದೆ. ಒಳ್ಳೆಯ ಮನುಷ್ಯ.

ಲೋವೆಲ್


ಹಾಲ್ವರ್
ಫೆಬ್ರವರಿ 17, 1995

ಲೋವೆಲ್,

ನಿನ್ನ ಅಂಕಣವನ್ನು ಮೊದಲ ಪುಟಕ್ಕೆ ತಂದೆ. ‘ಬೇಡ ಎಂದ ಬ್ರೆಕ್ಕೆ’ ಎಂದು ತಲೆಬರಹ ಕೊಟ್ಟೆ. ವಿವಿಯನ್ ಅದನ್ನು ಕತ್ತರಿಸಿ ಗಲ್ಲಾ ಪೆಟ್ಟಿಗೆಯ ಮೇಲೆ ಅಂಟಿಸಿದ್ದಾಳೆ. ಆಸ್ಪತ್ರೆಯ ನರ್ಸುಗಳು ನಿನ್ನ ಹೆಂಡತಿಗೆ ಅಂಗಡಿಗೇ ಕೇಕ್ ಕಳಿಸಿದರಂತೆ.

ರೇಡಿಯೋದಲ್ಲಿ ಕೇಳಿದೆ, ನಲವತ್ತೊಂಬತ್ತಕ್ಕೆ ನಲವತ್ತೆಂಟು. ಒಬ್ಬರು ಕಾಯಿಲೆ ಬಿದ್ದು ಬಂದಿರಲಿಲ್ಲವಂತೆ. ಒಂದೇ ಒಂದು ಮತ. ನಿನ್ನ ಹೊಟ್ಟೆ ಎಷ್ಟು ಉರಿದಿರಬೇಕು ಎಂದು ಯೋಚಿಸಿದೆ. ಫೋನು ಮಾಡುತ್ತೀಯೆಂದು ಕಾದೆ, ಮಾಡಲಿಲ್ಲ. ಬೇಜಾರಿನಲ್ಲಿದ್ದೀಯೆಂದು ಗೊತ್ತು. ನೀನು ಮಾಡಬೇಕಾದ್ದನ್ನು ಮಾಡಿದೆ. ಇನ್ನೂ ಮೇಲ್ಮನೆ ಇದೆ, ಎದೆಗುಂದಬೇಡ.

ಆರ್ಡಿತ್


ಹಾಲ್ವರ್
ಫೆಬ್ರವರಿ 27, 1995

ಲೋವೆಲ್,

ಸದನದ ಕಲಾಪ ವರದಿ ಅಂಚೆಯಲ್ಲಿ ಬಂತು. ಎಲ್ಲ ಪತ್ರಿಕೆಗಳಿಗೂ ಕಳಿಸುತ್ತಾರೆ, ಯಾರೂ ಬಿಚ್ಚುವುದಿಲ್ಲ. ನಿನ್ನ ಹೆಸರನ್ನು ‘ಬೇಡ’ ಎಂದವರ ಸಾಲಿನಲ್ಲಿ ನೋಡಿ ಖುಷಿಪಡೋಣ ಎಂದು ನಾನು ಬಿಚ್ಚಿದೆ. ಆ ಸಾಲಿನಲ್ಲಿ ಸ್ಟಾಂಗ್ ಇದ್ದಾನೆ, ನೀನಿಲ್ಲ. ನೀನು ‘ಹೌದು’ ಎಂದವರ ಸಾಲಿನಲ್ಲಿದ್ದೀಯ.

ಅಚ್ಚಿನ ತಪ್ಪೇ? ನನ್ನ ಪತ್ರಿಕೆಯಲ್ಲಿ ಸತ್ತವರ ಹೆಸರು ಮದುವೆಯ ಕಾಲಮ್ಮಿಗೆ ಹೋದದ್ದುಂಟು, ಆದ್ದರಿಂದ ನಂಬಲು ಸಿದ್ಧಳಿದ್ದೇನೆ. ಆದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯಬೇಡ. ಯಾವ ಗುಂಡಿ ಒತ್ತಿದೆ?

ಆರ್ಡಿತ್


ರಾಜಧಾನಿ
ಮಾರ್ಚ್ 1, 1995

ಆರ್ಡಿತ್ ಅವರಿಗೆ,

ನಿಮ್ಮ ಕಾಗದ ಓದಿದೆ. ಮತದಾನದ ಹೊತ್ತಿಗೆ ನಾನು ಹಜಾರದಲ್ಲಿ ಫೋನಿನಲ್ಲಿದ್ದೆ. ನನ್ನ ಗುಂಡಿ ಒತ್ತಲು ಮೈಲೋಗೆ ಹೇಳಿ ಹೋಗಿದ್ದೆ. ತನ್ನದನ್ನು ಸರಿಯಾಗಿ ಒತ್ತಿ ನನ್ನದನ್ನು ತಪ್ಪಾಗಿ ಒತ್ತಿಬಿಟ್ಟಿದ್ದಾನೆ. ವಯಸ್ಸಾಯಿತು, ಕಣ್ಣು ಮಂದ. ನಾನು ಬಂದು ನೋಡುವಷ್ಟರಲ್ಲಿ ಎಣಿಕೆ ಮುಗಿದಿತ್ತು.

ಇದನ್ನು ಬಹಿರಂಗವಾಗಿ ಹೇಳಿದರೆ ಅವನ ಮಾನ ಹೋಗುತ್ತದೆ, ಒಬ್ಬರ ಗುಂಡಿ ಇನ್ನೊಬ್ಬರು ಒತ್ತುವಂತಿಲ್ಲವಲ್ಲ. ಹೇಳಿದರೂ ಎಣಿಕೆ ಬದಲಾಗುವುದಿಲ್ಲ. ದಯವಿಟ್ಟು ಅಚ್ಚು ಹಾಕಬೇಡಿ. ನನಗಾಗಿ ಅಲ್ಲ, ಆ ಮುದುಕನಿಗಾಗಿ.

ಲೋವೆಲ್


ಹಾಲ್ವರ್
ಮಾರ್ಚ್ 4, 1995

ಲೋವೆಲ್,

ಎದೆಯ ಮೇಲಿನ ಕಲ್ಲು ಇಳಿಯಿತು. ನಿನ್ನನ್ನು ಅನುಮಾನಿಸಿದ್ದಕ್ಕೆ ನಾಚಿಕೆಯಾಯಿತು.

ಆದರೆ ಸುಮ್ಮನಿರುವಂತಿಲ್ಲ. ಇವತ್ತಲ್ಲ ನಾಳೆ ಯಾರಾದರೂ ಆ ವರದಿ ನೋಡುತ್ತಾರೆ. ಈ ಗುರುವಾರದ ಸಂಚಿಕೆಯಲ್ಲಿ ಒಳಪುಟದಲ್ಲಿ ಎರಡು ಸಾಲು ಹಾಕುತ್ತೇನೆ: ‘ಮತಯಂತ್ರದ ದೋಷದಿಂದ ಶಾಸಕ ಬ್ರೆಕ್ಕೆ ಅವರ ಮತ ತಪ್ಪಾಗಿ ದಾಖಲಾಗಿದೆ.’ ಸ್ಟಾಂಗ್ ಹೆಸರು ಎತ್ತುವುದಿಲ್ಲ. ಗೊತ್ತಿದ್ದೂ ನಾನು ಹಾಕುವ ಮೊದಲ ಸುಳ್ಳು ಇದು. ಯಂತ್ರಕ್ಕೆ ಮಾನ ಇಲ್ಲವೆಂದು ಸಮಾಧಾನ ಮಾಡಿಕೊಂಡಿದ್ದೇನೆ.

ಆರ್ಡಿತ್


ಹಾಲ್ವರ್
ಮಾರ್ಚ್ 13, 1995

ಬ್ರೆಕ್ಕೆ ಅವರಿಗೆ,

ಶನಿವಾರ ಕಚೇರಿಗೆ ಒಬ್ಬ ಮುದುಕ ಬಂದ. ಟೋಪಿ ತೆಗೆದು, ಬೂಟಿನ ಹಿಮ ಕೊಡವಿ, “ಮೈಲೋ ಸ್ಟಾಂಗ್. ಊರಿಗೆ ಹೋಗೋ ದಾರಿ, ಒಂದ್ ಕಾಫಿ ಸಿಗತ್ತಾ?” ಅಂದ. ಕೈಯಲ್ಲಿ ನನ್ನದೇ ಪತ್ರಿಕೆ.

“ಈ ಯಂತ್ರದ ದೋಷ ಯಾರು ಹೇಳಿದ್ದು? ನಾವು ಕೂತಿರೋ ಸಾಲಿನ ಯಂತ್ರ ಚೆನ್ನಾಗೇ ಇದೆ.”

ಮುಚ್ಚಿಟ್ಟು ಪ್ರಯೋಜನವಿಲ್ಲ ಅನ್ನಿಸಿತು. “ತಪ್ಪಾಗಿ ಒತ್ತಿದ್ದು ನೀವು ಅಂತ ಲೋವೆಲ್ ಬರೆದಿದ್ದ. ನಿಮ್ಮ ಹೆಸರು ಬರದೆ ಇರಲಿ ಅಂತ ಹಾಗೆ ಹಾಕಿದ್ದು,” ಅಂದೆ.

ಅವನು ಕಪ್ಪು ಕೆಳಗಿಟ್ಟ. ಆಮೇಲೆ ಹೇಳಿದ: “ನಾನಾ? ಅವತ್ತು ನಾನು ಹಲ್ಲು ಕೀಳಿಸೋಕೆ ಹೋಗಿದ್ನಲ್ಲಮ್ಮ. ನನ್ನ ಗುಂಡಿ ಒತ್ತಿದ್ದೇ ಅವನು. ಕೆಂಪು ಒತ್ತು ಅಂತ ಹೇಳಿ ಹೋಗಿದ್ದೆ, ಒತ್ತಿದ. ಅದರಲ್ಲೇನೂ ಮೋಸ ಮಾಡ್ಲಿಲ್ಲ.”

ನೀನು ಸ್ಟಾಂಗ್‌ನ ಮೇಜಿಗೆ ಬಾಗಿ ಅವನ ಕೆಂಪು ಒತ್ತಿದೆ. ಅದೇ ಕೈಯಿಂದ ನಿನ್ನ ಹಸಿರು ಒತ್ತಿದೆ. ಅವನಿಗೆ ಕೊಟ್ಟ ಮಾತು ನೆನಪಿತ್ತು, ನಮಗೆ ಕೊಟ್ಟದ್ದು ನೆನಪಿರಲಿಲ್ಲ. ಮುದುಕನ ಕಣ್ಣು ಮಂದ ಅಂದೆಯಲ್ಲ, ನಾಲಿಗೆ ಹೇಗೆ ಹೊರಳಿತು? ನಾಚಿಕೆಗೆಟ್ಟವನೇ, ನಿನಗಾಗಿ ನಾನು ಪತ್ರಿಕೆಯಲ್ಲಿ ಸುಳ್ಳು ಬರೆದೆ.

ಆರ್ಡಿತ್ ಸೋಲ್‌ಹೈಮ್


ರಾಜಧಾನಿ
ಮಾರ್ಚ್ 16, 1995

ಆರ್ಡಿತ್ ಅವರಿಗೆ,

ಅವನು ಹೇಳಿದ್ದೆಲ್ಲ ನಿಜ.

ಅವತ್ತು ಬೆಳಿಗ್ಗೆ ನಿಮಗೆ ಅಂಕಣ ಕಳಿಸಿದಾಗ ಅದೂ ನಿಜವೇ ಆಗಿತ್ತು, ಇದನ್ನಾದರೂ ನಂಬಿ. ಒಂದೂವರೆಗೆ ಪ್ರಿಟ್ಜ್ ಬಂದು ನನ್ನ ಮೇಜಿಗೆ ಒರಗಿ ನಿಂತ. “ನನ್ನ ಹತ್ರ ಐದು ಮತ ಜಾಸ್ತಿನೇ ಇದೆ, ನಿಂದೇನೂ ಬೇಕಾಗಿಲ್ಲ. ಹೊಸಬರೆಲ್ಲ ನಮ್ಮ ಜೊತೆಗಿದ್ದಾರೆ ಅಂತ ಕಾಣಿಸಿದ್ರೆ ಸಾಕು. ಹಸಿರು ಒತ್ತು, ನಿಮ್ಮ ಸೇತುವೆ ಬಜೆಟ್ಟಿಗೆ ಸೇರತ್ತೆ,” ಅಂದ. ನಾನು ಲೆಕ್ಕ ಹಾಕಿದೆ: ವಾರ್ಡ್ ಹೇಗೂ ಹೋಗುತ್ತದೆ, ಸೇತುವೆಯಾದರೂ ಸಿಗಲಿ. ಒತ್ತಿದೆ. ಫಲಕ ನೋಡಿದೆ. ಐದು ಹೆಚ್ಚು ಎಂದದ್ದು ಒಂದಾಗಿತ್ತು, ಆ ಒಂದು ನಾನಾಗಿದ್ದೆ.

ಪತ್ರಿಕೆ ಅಚ್ಚಾಗುವುದು ಬುಧವಾರ. ಮಂಗಳವಾರ ಸಂಜೆ ನಿಮಗೆ ತಿಳಿಸಲೆಂದು ಹಜಾರದ ಫೋನಿನ ಸಾಲಿನಲ್ಲಿ ನಿಂತಿದ್ದೆ. ನನ್ನ ಸರದಿ ಬಂದಾಗ ಹಿಂದಿನವನಿಗೆ ಬಿಟ್ಟುಕೊಟ್ಟೆ.

ಒಂದು ಅವಕಾಶ ಉಳಿದಿದೆ. ಮೇಲ್ಮನೆ ಮಸೂದೆಯನ್ನು ಸ್ವಲ್ಪ ತಿದ್ದಿದೆ. ತಿದ್ದಿದರೆ ಅದು ಮತ್ತೆ ನಮ್ಮ ಸದನಕ್ಕೆ ಬರಲೇಬೇಕು. ಮಾರ್ಚ್ 28ಕ್ಕೆ ಮತದಾನ. ನಾನು ಕೆಂಪು ಒತ್ತಿದರೆ ಬಿದ್ದುಹೋಗಬಹುದು. ಸೇತುವೆಯೂ ಹೋಗಬಹುದು. ಏನು ಮಾಡಲಿ, ಹೇಳಿ.

ಲೋವೆಲ್


ಹಾಲ್ವರ್
ಮಾರ್ಚ್ 18, 1995

ಲೋವೆಲ್,

ಏನು ಮಾಡಲಿ ಎಂದು ಈಗ ಕೇಳುತ್ತೀಯ. ಹೇಳುತ್ತೇನೆ, ಕೇಳು.

ಆದದ್ದನ್ನೆಲ್ಲ ಅಂಕಣದಲ್ಲಿ ಬರೆ. ಪ್ರಿಟ್ಜ್, ಸೇತುವೆ, ಹಸಿರು, ಕೆಂಪು, ಎಲ್ಲ. ಪಕ್ಕದಲ್ಲೇ ನನ್ನ ಎರಡು ಸಾಲಿನ ಸುಳ್ಳಿಗೆ ನಾನೂ ಕ್ಷಮೆ ಕೇಳುತ್ತೇನೆ. ಇನ್ನು ಮೇಲೆ ಮತ ಹಾಕುವ ಮೊದಲೇ ‘ಹಾಕಿದೆ’ ಎಂದು ಬರೆಯಬೇಡ. ಆ ವಾರ ಜಾಗ ಖಾಲಿ ಬಿಟ್ಟರೂ ಚಿಂತೆಯಿಲ್ಲ. ಇನ್ನೊಂದು: ನಿನ್ನ ಗುಂಡಿ ಬಿಟ್ಟು ಬೇರೆ ಯಾರ ಗುಂಡಿಯನ್ನೂ ಮುಟ್ಟುವುದಿಲ್ಲ, ನಿನ್ನದನ್ನು ಯಾರಿಗೂ ಮುಟ್ಟಗೊಡುವುದಿಲ್ಲ ಎಂದು ಆ ಅಂಕಣದಲ್ಲೇ ಮಾತು ಕೊಡು. ಊರಿನವರೆಲ್ಲ ಓದಲಿ. ಈ ಕೊಳೆ ಶುರುವಾದದ್ದೇ ಅಲ್ಲಿಂದ.

ಒಂದು ವಿಷಯ ನಾನೂ ಮುಚ್ಚಿಟ್ಟಿದ್ದೆ. ರೋಂಡಾ ಚೆನ್ನಾಗಿಲ್ಲ. ಜನವರಿಯಿಂದಲೇ ರಕ್ತದೊತ್ತಡ ಏರಿದೆ, ಕಾಲು ಬಾತಿದೆ. “ನೋವು ಬಂತು ಅಂದ್ರೆ ಕಾಯೋ ಹಾಗಿಲ್ಲ, ತಕ್ಷಣ ಆಸ್ಪತ್ರೆಗೆ ಬರಬೇಕು,” ಎಂದು ಡಾಕ್ಟರ್ ಹೇಳಿದ್ದಾರೆ. ತೊಂಬತ್ತು ಮೈಲಿ ಅವಳಿಗೆ ಆಗುವ ಮಾತಲ್ಲ. ನನ್ನ ಮಗಳಿಗಾಗಿ ನೀನು ಮತ ಹಾಕುವುದು ಬೇಡ, ಊರಿಗಾಗಿ ಹಾಕಬೇಕು ಎಂದು ನಿನಗೆ ಬರೆಯಲಿಲ್ಲ. ಈಗ ಆ ಬಿಗುಮಾನ ಇಲ್ಲ. ಕೆಂಪು ಒತ್ತು.

ಆರ್ಡಿತ್


ರಾಜಧಾನಿ
ಮಾರ್ಚ್ 29, 1995

ಆರ್ಡಿತ್ ಅವರಿಗೆ,

ರೇಡಿಯೋದಲ್ಲಿ ಕೇಳಿರುತ್ತೀರಿ. ಆದರೂ ನಡೆದದ್ದನ್ನು ನನ್ನ ಕೈಯಿಂದಲೇ ಬರೆಯಬೇಕು.

ಕಳೆದ ವಾರದ ಅಂಕಣ ಓದಿ ಊರಿನಿಂದ ರಾಶಿ ಚೀಟಿಗಳು ಬಂದಿದ್ದವು. ಇಲ್ಲಿ ಯಾರಾದರೂ ಫೋನು ಮಾಡಿ ಏನಾದರೂ ಹೇಳಿದರೆ ಗುಲಾಬಿ ಚೀಟಿಯ ಮೇಲೆ ಬರೆದು ಮೇಜಿನ ಮೇಲಿಡುತ್ತಾರೆ. ಅರ್ಧ ಬೈಗುಳ, ಅರ್ಧ ‘ಈ ಸಲ ಸರಿಯಾಗಿ ಒತ್ತು’.

ನಿನ್ನೆ ಬೆಳಿಗ್ಗೆ ಮೈಲೋ ಫೋನು ಮಾಡಿದ. ಅವನ ಹೆಂಡತಿಗೆ ರಾತ್ರೋರಾತ್ರಿ ಎದೆನೋವು, ಆಸ್ಪತ್ರೆಯಲ್ಲಿದ್ದಾನೆ. “ನಾನು ಬರೋಕಾಗಲ್ಲ. ನನ್ನ ಕೆಂಪು ಒತ್ತಿಬಿಡು,” ಅಂದ.

“ಆಗಲ್ಲ ಮೈಲೋ. ಪತ್ರಿಕೇಲಿ ಮಾತು ಕೊಟ್ಟಿದ್ದೀನಿ.”

“ಯಾರಯ್ಯ ನೋಡ್ತಾರೆ? ಹಲ್ಲು ನೋವು ಬಂದಾಗ ಒತ್ತಿದೋನು, ನನ್ನ ಹೆಂಡ್ತಿ ಮಲಗಿರುವಾಗ ಒತ್ತಲ್ವಾ?”

“ಆಗಲ್ಲ,” ಅಂದೆ ಮತ್ತೆ. ಅವನು ಫೋನಿಟ್ಟ.

ಎರಡು ಗಂಟೆಗೆ ಮತದಾನ. ನಾನು ಕೆಂಪು ಒತ್ತಿದೆ. ಕಳೆದ ಸಲ ಕಾಯಿಲೆ ಬಿದ್ದಿದ್ದವನು ಎದ್ದು ಬಂದು ಹಸಿರು ಒತ್ತಿದ. ಫಲಕದಲ್ಲಿ ಹಸಿರು ನಲವತ್ತೊಂಬತ್ತು, ಕೆಂಪು ನಲವತ್ತೆಂಟು. ಮೈಲೋನ ಹೆಸರಿನ ಮುಂದೆ ಮಾತ್ರ ದೀಪವಿಲ್ಲ. ಅದೊಂದು ಹೊತ್ತಿದ್ದರೆ ಸಮಸಮ, ಸಮಸಮವಾದರೆ ಮಸೂದೆ ಬಿದ್ದಂತೆ. ಸ್ಪೀಕರ್ ಕೇಳಿದರು: “ಇನ್ಯಾರಾದರೂ ಮತ ಹಾಕೋರಿದ್ದೀರಾ?” ಆ ಗುಂಡಿ ನನ್ನ ಮೊಣಕೈಯ ಪಕ್ಕದಲ್ಲೇ ಇತ್ತು. ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ರೋಂಡಾ ನೆನಪಾದಳು. ಕೈ ಎತ್ತಿದೆ, ಆರ್ಡಿತ್, ಮೇಜಿನವರೆಗೂ ಹೋಯಿತು. ನಿಮ್ಮ ಕಾಗದ ನನ್ನ ಜೇಬಿನಲ್ಲಿತ್ತು. ಕೈ ಹಿಂದೆ ತೆಗೆದುಕೊಂಡೆ. ಸ್ಪೀಕರ್ ಸುತ್ತಿಗೆ ಕುಟ್ಟಿದರು.

ನೀವು ಹೇಳಿದ ಹಾಗೇ ಮಾಡಿದೆ. ಸರಿ ಮಾಡಿದೆನೋ ಇಲ್ಲವೋ ನೀವೇ ಹೇಳಬೇಕು. ಅಂಕಣವನ್ನು ಎಲ್ಲ ಮುಗಿದ ಮೇಲೆ ನಿನ್ನೆ ಸಂಜೆಯೇ ಫ್ಯಾಕ್ಸ್ ಮಾಡಿದೆ.

ಲೋವೆಲ್


ಹಾಲ್ವರ್
ಏಪ್ರಿಲ್ 3, 1995

ಲೋವೆಲ್,

ನಿನ್ನ ಅಂಕಣವನ್ನು ಒಂದಕ್ಷರವೂ ತಿದ್ದದೆ ಹಾಕಿದೆ. ತಿದ್ದಲು ಏನೂ ಇರಲಿಲ್ಲ. ಆ ಸಂಚಿಕೆಯಲ್ಲಿ ಎಲ್ಲಿ ಹುಡುಕಿದರೂ ಒಂದು ಸುಳ್ಳು ಸಿಗುವುದಿಲ್ಲ.

ಕೆಫೆಯಲ್ಲಿ ಬೈಯುವವರು ಇನ್ನೂ ಬೈಯುತ್ತಿದ್ದಾರೆ. ಆದರೆ ವಿವಿಯನ್ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: “ತಪ್ಪು ಒಪ್ಕೊಂಡ, ಹೇಳಿದ್ದೇ ಒತ್ತಿದ. ಇನ್ನೇನ್ ಮಾಡಬೇಕಿತ್ತು ಅವ್ನು? ಮುಂದಿನ ಸಲಾನೂ ನನ್ನ ವೋಟು ಅವ್ನಿಗೇ.” ಸೇತುವೆಯೂ ಬಜೆಟ್ಟಿನಲ್ಲಿ ಹಾಗೇ ಇದೆಯಂತೆ, ರೇಡಿಯೋದಲ್ಲಿ ಬಂತು. ಹೇಗೂ ಮಸೂದೆ ಗೆದ್ದಿತಲ್ಲ, ಪ್ರಿಟ್ಜ್‌ಗೆ ನಿನ್ನ ಮೇಲೆ ಹಗೆ ಯಾಕೆ? ಈ ವಿಷಯ ನಿನ್ನ ಕಾಗದದಲ್ಲಿರಲಿಲ್ಲ. ಗೊತ್ತಿಲ್ಲದೆ ಬಿಟ್ಟೆಯೋ, ಗೊತ್ತಿದ್ದೂ ಬಿಟ್ಟೆಯೋ ನಾನು ಕೇಳುವುದಿಲ್ಲ. ಮುಂದಿನ ವರ್ಷ ಯಾರು ನಿನ್ನ ಮತಗಳ ದಾಖಲೆ ತೆಗೆದು ನೋಡಿದರೂ ಈ ಮಸೂದೆಯ ಮುಂದೆ ಕೊನೆಯದಾಗಿ ‘ಬೇಡ’ ಎಂದೇ ಇರುತ್ತದೆ.

ಗವರ್ನರ್ ಶುಕ್ರವಾರ ಸಹಿ ಹಾಕಿದರು. ಇವತ್ತು ವಾರ್ಡಿನ ಮಂಚಗಳನ್ನು ಲಾರಿಗೆ ಹೇರಿದರು. ನಾನೇ ಹೋಗಿ ಫೋಟೋ ತೆಗೆದೆ.

ರೋಂಡಾ ನಾಳೆ ನಗರಕ್ಕೆ ಹೋಗುತ್ತಾಳೆ. ಹೆರಿಗೆಯಾಗುವವರೆಗೆ ಅಲ್ಲಿನ ಆಸ್ಪತ್ರೆಯ ಎದುರಿನ ಮೋಟೆಲ್‌ನಲ್ಲಿ ಒಬ್ಬಳೇ ಇರಬೇಕು. ಅವಳ ಗಂಡ ಡುವೇನ್ ಲಾರಿ ಬಿಟ್ಟು ಬರುವಂತಿಲ್ಲ, ನಾನು ಪತ್ರಿಕೆ ಬಿಟ್ಟು ಹೋಗುವಂತಿಲ್ಲ. ರಾತ್ರಿ ಸಣ್ಣ ಸದ್ದಾದರೂ ಬೆಚ್ಚಿ ಏಳುವ ಹುಡುಗಿ ಅದು. ನಿನ್ನೆ ಮಗುವಿನ ಬಟ್ಟೆ ಮಡಿಸಿ ಪೆಟ್ಟಿಗೆಗೆ ಇಡುತ್ತ ಕೇಳಿದಳು: “ಅಮ್ಮ, ಪಕ್ಕದೋರ ಗುಂಡಿ ಮುಟ್ಟಬಾರ್ದು ಅಂತ ಅವ್ನಿಗೆ ಹೇಳಿದ್ದು ಯಾರು?”

“ನಾನೇ,” ಅಂದೆ.

ಅವಳು ಬಟ್ಟೆ ಮಡಿಸುವುದನ್ನು ನಿಲ್ಲಿಸಲಿಲ್ಲ.

ಸರಿ ಮಾಡಿದೆನೋ ಎಂದು ಕೇಳಿದ್ದೀಯ. ಸರಿಯನ್ನೇ ಮಾಡಿದೆ. ನಾನು ಹೇಳಿದ್ದನ್ನೇ ಮಾಡಿದೆ. ನಿನ್ನ ಸುಳ್ಳನ್ನು ಕ್ಷಮಿಸಲು ನನಗೆ ಐದು ದಿನ ಹಿಡಿಯಿತು, ಲೋವೆಲ್. ನೀನು ಮಾತು ಉಳಿಸಿಕೊಂಡದ್ದನ್ನು ಮಾತ್ರ ಕ್ಷಮಿಸಲು ನನ್ನ ಕೈಲಾಗುತ್ತಿಲ್ಲ, ನಿನ್ನನ್ನೂ, ನನ್ನನ್ನೂ.

ಮಂಗಳವಾರದ ಅಂಕಣ ಕಳಿಸು. ಹಾಕುತ್ತೇನೆ.

ಆರ್ಡಿತ್